ಗಾಜಿನ ವ್ಯಾಕ್ಯೂಮ್ ಫಿಲ್ಟರ್ ಸೆಟ್: ಬುಕ್ನರ್, ಸಿಂಟರ್ಡ್, ಮೆಂಬ್ರೇನ್ – ನಿಮ್ಮ ಕೆಲಸಕ್ಕೆ ಯಾವುದು?

ಪೀಣ್ಯದ ಸಣ್ಣ ಔಷಧ ಪರೀಕ್ಷಾ ಕೊಠಡಿ, ಡಿಗ್ರಿ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬ್, ಕೆರೆ ನೀರಿನ ಮಾದರಿ ಪರೀಕ್ಷಿಸುವ ತಂಡ, ಗಿಡಮೂಲಿಕೆಯ ಸಾರ ತೆಗೆದು ಎಣ್ಣೆ-ಸಾಬೂನು ಮಾಡುವ ಚಿಕ್ಕ ಘಟಕ. ಬೆಂಗಳೂರಿನಲ್ಲಿ ಇವರೆಲ್ಲರೂ ಒಂದಲ್ಲ ಒಂದು ದಿನ ವ್ಯಾಕ್ಯೂಮ್ ಫಿಲ್ಟರ್, ಅಂದರೆ ಕೆಳಗಿನಿಂದ ಪಂಪಿನಲ್ಲಿ ಗಾಳಿ ಎಳೆದು ದ್ರವ ಸೋಸುವ ಸಾಧನ, ಕೊಳ್ಳಲು ಹೊರಡುತ್ತಾರೆ. ಅಂಗಡಿಯಲ್ಲಿ ಎಲ್ಲರ ಮುಂದೆಯೂ ಮೊದಲು ಬಂದು ಕೂರುವುದು ಒಂದೇ ಸೆಟ್: 300 ಮಿ.ಲೀ. ಫನೆಲ್, 47 ಮಿ.ಮೀ. ಮೆಂಬ್ರೇನ್ (ಅತಿ ಸಣ್ಣ ರಂಧ್ರಗಳಿರುವ ತೆಳು ಸೋಸುವ ಹಾಳೆ) ಕೂರುವ ಬೇಸ್, ಒಂದು ಲೀಟರಿನ ಫ್ಲಾಸ್ಕ್, ಜೊತೆಗೆ ಅಲ್ಯೂಮಿನಿಯಂ ಕ್ಲ್ಯಾಂಪ್. ಸೆಟ್ ಒಳ್ಳೆಯದೇ. ಆದರೆ ಈ ನಾಲ್ವರಿಗೂ ಅದೇ ಬೇಕು ಎಂದೇನೂ ಇಲ್ಲ.

ದುಡ್ಡು ತೆಗೆಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ: ಸೋಸಿದ ಮೇಲೆ ನಿಮಗೆ ಬೇಕಾದದ್ದು ಮೇಲೆ ಉಳಿಯುವ ಗಸಿಯೋ, ಕೆಳಗೆ ಇಳಿಯುವ ದ್ರವವೋ? ಹರಳು, ಪುಡಿ, ಗಸಿ ಬೇಕಾದವರು ಬುಕ್ನರ್ ಅಥವಾ ಸಿಂಟರ್ಡ್ ಗ್ಲಾಸ್ ಕಡೆ ಹೋಗಬೇಕು. ತಿಳಿಯಾದ ದ್ರವ ಬೇಕಾದವರು ಮೆಂಬ್ರೇನ್ ಸೆಟ್ ಕಡೆ. ನಡುವೆ ಇನ್ನೊಂದು ಗುಂಪಿದೆ. ಮೇಲೆ ಉಳಿದದ್ದನ್ನು ಅವರು ತೂಗಬೇಕು ಇಲ್ಲವೇ ಎಣಿಸಬೇಕು. ನೀರಿನಲ್ಲಿ ತೇಲುವ ಕಣಗಳ ತೂಕ, ಬ್ಯಾಕ್ಟೀರಿಯಾ ಲೆಕ್ಕ ಇಂಥವು. ಅವರಿಗೆ ಬೇಕಾಗಿರುವುದು ಗಸಿಯೇ ಆದರೂ ಕೊಳ್ಳಬೇಕಾದದ್ದು ಮೆಂಬ್ರೇನ್ ಸೆಟ್, ಏಕೆಂದರೆ ಹಾಳೆಯನ್ನು ಹರಿಯದಂತೆ, ಚಪ್ಪಟೆಯಾಗಿ ಹಾಗೇ ಎತ್ತಿಕೊಳ್ಳಲು ಬರುವುದು ಅದರಲ್ಲಿ ಮಾತ್ರ.

ಬುಕ್ನರ್: ಹರಳು ತೆಗೆಯುವವರಿಗೆ

ಒಳಗೆ ತೂತುಗಳ ಚಪ್ಪಟೆ ತಟ್ಟೆಯಿರುವ ಪಿಂಗಾಣಿಯ ಬುಕ್ನರ್ ಫನೆಲ್ ಮತ್ತು ಪಕ್ಕದಲ್ಲಿ ನಳಿಕೆಯಿರುವ ದಪ್ಪ ಗಾಜಿನ ಫ್ಲಾಸ್ಕ್, ಈ ಜೋಡಿಯನ್ನು ಜರ್ಮನಿಯ ಅರ್ನ್ಸ್ಟ್ ಬುಕ್ನರ್ 1888ರಲ್ಲಿ ಪ್ರಕಟಿಸಿದರು. 1907ರಲ್ಲಿ ನೊಬೆಲ್ ಪಡೆದ ಎಡ್ವರ್ಡ್ ಬುಕ್ನರ್ ಬೇರೆ ವ್ಯಕ್ತಿ. ಪ್ರಾಕ್ಟಿಕಲ್ ನೋಟ್ಸುಗಳಲ್ಲಿ ಇಬ್ಬರೂ ಆಗಾಗ ಒಬ್ಬರೇ ಆಗಿಬಿಡುತ್ತಾರೆ. ಒಂದೆರಡು ಗ್ರಾಮಿನಿಂದ ಹಿಡಿದು ಹತ್ತಿಪ್ಪತ್ತು ಗ್ರಾಮಿನವರೆಗೆ ಹರಳನ್ನು ಬೇಗ ಸೋಸಿ, ತಣ್ಣನೆಯ ದ್ರಾವಕದಿಂದ ತೊಳೆದು, ಗಾಳಿ ಎಳೆದು ಒಣಗಿಸಲು ಇದಕ್ಕಿಂತ ಅಗ್ಗದ, ಗಟ್ಟಿ ಸಾಧನ ಇಲ್ಲ. ಕಾಲೇಜುಗಳಿಗೆ ನಾನು ಮೊದಲು ಹೇಳುವುದು ಇದನ್ನೇ.

ಇಲ್ಲಿ ಕಾಗದದ ಅಳತೆ ಮುಖ್ಯ. ಕಾಗದ ಎಲ್ಲ ತೂತುಗಳನ್ನೂ ಮುಚ್ಚಬೇಕು, ಆದರೆ ಗೋಡೆಯ ಮೇಲೆ ಹತ್ತಬಾರದು. ಹತ್ತಿದರೆ ಮಡಿಕೆಯ ಸಂದಿಯಿಂದ ಹರಳು ಜಾರಿ ಕೆಳಗೆ ಹೋಗುತ್ತದೆ. ಆದ್ದರಿಂದ ಫನೆಲ್ಲನ್ನು ಅದರ ಮೇಲ್ಬಾಯಿಯ ಅಳತೆಯಿಂದ ಕೊಳ್ಳಬೇಡಿ, ಒಳಗಿನ ತಟ್ಟೆಯ ಅಳತೆ ಕೇಳಿ. ಹಾಗೆಯೇ ಆ ಅಳತೆಯ ಕಾಗದ ಸಿದ್ಧವಾಗಿ ಸಿಗುತ್ತದೆಯೇ ಎಂದೂ ಕೇಳಿ. ಕಾಗದ ಇಟ್ಟ ಕೂಡಲೇ, ಸುರಿಯುವುದಕ್ಕೆ ಮುಂಚೆ, ಅದೇ ದ್ರಾವಕದಿಂದ ಒದ್ದೆ ಮಾಡಿ ನಿಧಾನಕ್ಕೆ ವ್ಯಾಕ್ಯೂಮ್ ಕೊಡಬೇಕು. ಸಾಮಾನ್ಯ ಹರಳಿಗೆ ಸುಮಾರು 11 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಣ ಹಿಡಿಯುವ ವಾಟ್‌ಮನ್ ಹೆಸರಿನ 1ನೇ ನಂಬರ್ ಕಾಗದ ಸಾಕು. ಬೇರಿಯಂ ಸಲ್ಫೇಟಿನಂಥ ನುಣುಪಿಗೆ 2.5 ಮೈಕ್ರಾನಿನ 42ನೇ ನಂಬರ್ ಬೇಕು. ಅದು ನಿಧಾನ, ಬೆಲೆಯೂ ಹೆಚ್ಚು.

ಪಿಂಗಾಣಿಯ ದೋಷ ಏನೆಂದರೆ ತಟ್ಟೆಯ ಕೆಳಗೆ ಏನಿದೆ ಎಂದು ಕಾಣುವುದಿಲ್ಲ. ನಿನ್ನೆಯ ಬಣ್ಣ, ಹೋದ ತಿಂಗಳ ಜಿಡ್ಡು ಅಲ್ಲೇ ಕುಳಿತಿರಬಹುದು. ಶುದ್ಧತೆಯೇ ಮುಖ್ಯ ಎನ್ನುವ ಕೆಲಸಕ್ಕೆ ಒಳಗೆಲ್ಲ ಕಾಣುವ ಗಾಜಿನ ಫನೆಲ್ಲೇ ಸರಿ. ಒಂದು ಗ್ರಾಮಿಗೂ ಕಡಿಮೆ ಹರಳಿದ್ದರೆ ಬುಕ್ನರಿನ ಚಿಕ್ಕ ತಮ್ಮನಂತಿರುವ ಹಿರ್ಷ್ ಫನೆಲ್ ತೆಗೆದುಕೊಳ್ಳಿ. ದೊಡ್ಡ ಬುಕ್ನರಿನಲ್ಲಿ ಅಷ್ಟು ಹರಳು ಕಾಗದಕ್ಕೇ ಮೆತ್ತಿಕೊಂಡು ಹೋಗುತ್ತದೆ.

ಸಿಂಟರ್ಡ್ ಗ್ಲಾಸ್: ಕಾಗದ ತಡೆಯದ ಕಡೆ

ಗಾಜಿನ ಪುಡಿಯನ್ನು ಕರಗುವ ಹಂತದವರೆಗೆ ಕಾಯಿಸಿ ಒಂದಕ್ಕೊಂದು ಅಂಟಿಸಿದ ಬಿಲ್ಲೆಯೇ ಇದರಲ್ಲಿ ಸೋಸುವ ಭಾಗ. ಕಾಗದವೇ ಇಲ್ಲದ್ದರಿಂದ ನಾರು ಉದುರುವುದಿಲ್ಲ, ಗಟ್ಟಿ ಆಮ್ಲಕ್ಕೂ ಪರ್ಮಾಂಗನೇಟಿಗೂ ಅದು ಹೆದರುವುದಿಲ್ಲ. ಸೂಕ್ಷ್ಮತೆಯನ್ನು ಜಿ ಅಂಕಿಯಲ್ಲಿ ಹೇಳುತ್ತಾರೆ: ಜಿ1 ಎಂದರೆ 100ರಿಂದ 160 ಮೈಕ್ರಾನ್, ಜಿ2 40ರಿಂದ 100, ಜಿ3 16ರಿಂದ 40, ಜಿ4 10ರಿಂದ 16. ಅಂಕಿ ಏರಿದಂತೆ ರಂಧ್ರ ಸಣ್ಣದು, ಕಟ್ಟಿಕೊಳ್ಳುವ ಭಯವೂ ದೊಡ್ಡದು. ಒಂದೇ ಕೊಳ್ಳುವುದಾದರೆ ಜಿ3 ಕೊಳ್ಳಿ. ನಿಕಲ್ ಡೈಮಿಥೈಲ್‌ಗ್ಲೈಆಕ್ಸೈಮಿನಂಥ ತೂಕದ ಪ್ರಯೋಗಗಳಿಗೆ ಫನೆಲ್ ಬೇಡ, ಅದೇ ಬಿಲ್ಲೆಯಿರುವ ಗಾಜಿನ ಕ್ರೂಸಿಬಲ್ (ಚಿಕ್ಕ ಬಟ್ಟಲು) ಬೇಕು. ಅದನ್ನು ಗಸಿಯ ಸಮೇತ ಓವನ್ನಿನಲ್ಲಿ ಒಣಗಿಸಿ ಹಾಗೇ ತೂಗಬಹುದು. ಬರ್ನರಿನ ನೇರ ಉರಿಗೆ ಮಾತ್ರ ಹಿಡಿಯಬೇಡಿ.

ಇದರ ಆಯುಸ್ಸೆಲ್ಲ ತೊಳೆಯುವುದರ ಮೇಲೆ ನಿಂತಿದೆ. ಕೆಲಸ ಮುಗಿದ ಕೂಡಲೇ, ಒಣಗುವ ಮುಂಚೆ, ಹಿಂದಿನಿಂದ ಮುಂದಕ್ಕೆ ನೀರು ಹಾಯಿಸಿ. ಸಿಲ್ವರ್ ಕ್ಲೋರೈಡ್ ಕುಳಿತಿದ್ದರೆ ಅಮೋನಿಯಾ ಕರಗಿಸುತ್ತದೆ, ಅಂಟು ಮತ್ತು ರಾಳ ಕುಳಿತಿದ್ದರೆ ಅಸಿಟೋನ್. ಬಿಸಿಯಾದ ಗಟ್ಟಿ ಕ್ಷಾರ ಗಾಜನ್ನೇ ತಿನ್ನುತ್ತದೆ, ರಂಧ್ರ ದೊಡ್ಡದಾಗುತ್ತ ಹೋಗುತ್ತದೆ. ಹಾಗಾಗಿ ಕಾಸ್ಟಿಕ್ ದ್ರಾವಣವನ್ನು ಇದರಲ್ಲಿ ಬಿಡಲೇಬೇಡಿ. ಬೆಂಗಳೂರಿಗೆ ಸಲ್ಲುವ ಇನ್ನೊಂದು ಮಾತಿದೆ. ನಮ್ಮ ಬಹಳಷ್ಟು ಲ್ಯಾಬುಗಳ ನಲ್ಲಿಯಲ್ಲಿ ಬರುವುದು ಬೋರ್‌ವೆಲ್ ನೀರು, ಅದು ಗಡಸು. ಆ ನೀರಿನಲ್ಲಿ ಕೊನೆಯ ತೊಳೆತ ಮುಗಿಸಿ ಒಣಗಿಸಿದರೆ ಬಿಲ್ಲೆಯೊಳಗೆ ಸುಣ್ಣದ ಪದರ ಕಟ್ಟುತ್ತದೆ, ಕ್ರಮೇಣ ಫನೆಲ್ ಮಂದವಾಗುತ್ತದೆ. ತೆಳು ಹೈಡ್ರೋಕ್ಲೋರಿಕ್ ಆಮ್ಲ ಅದನ್ನು ತೆಗೆಯುತ್ತದೆ. ಆದರೆ ಕೊನೆಯ ಎರಡು ತೊಳೆತಕ್ಕೆ ಡಿಸ್ಟಿಲ್ಡ್ ನೀರು ಬಳಸಿದರೆ ಆ ತೊಂದರೆಯೇ ಬರುವುದಿಲ್ಲ.

ಇದ್ದಲು ಪುಡಿಯನ್ನು ಸಿಂಟರ್ಡ್ ಬಿಲ್ಲೆಯ ಮೇಲೆ ನೇರವಾಗಿ ಸುರಿಯಬೇಡಿ. ಒಳಗೆ ಹೊಕ್ಕ ಕಪ್ಪು ಮತ್ತೆ ಪೂರ್ತಿಯಾಗಿ ಹೊರಬರುವುದಿಲ್ಲ. ಮೇಲೆ ಒಂದು ಸೆಲೈಟ್ (ಸೋಸಲು ನೆರವಾಗುವ ಡಯಾಟಮ್ ಮಣ್ಣಿನ ಪುಡಿ) ಹಾಸು ಹಾಕಿ ಸೋಸಿ.

ಮೆಂಬ್ರೇನ್ ಸೆಟ್: ದ್ರವ ಬೇಕಾದವರಿಗೆ

ಎಚ್‌ಪಿಎಲ್‌ಸಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ, ಕ್ರೊಮಾಟೋಗ್ರಾಮ್ ಎಂಬ ನಕ್ಷೆಯಲ್ಲಿ ಪೀಕ್‌ಗಳಾಗಿ ತೋರಿಸುವ) ಯಂತ್ರದ ಮೊಬೈಲ್ ಫೇಸ್ ಎಂಬ ಹರಿಯುವ ದ್ರವ, ಬಫರ್ (ಆಮ್ಲ-ಕ್ಷಾರದ ಮಟ್ಟ ಕದಲದಂತೆ ಹಿಡಿಯುವ ದ್ರಾವಣ), ನೀರಿನ ಪರೀಕ್ಷೆ ಎಲ್ಲವೂ ಇಲ್ಲಿಗೇ ಬರುತ್ತವೆ. ಹೊರಗಿನಿಂದ ಎಲ್ಲ ಸೆಟ್‌ಗಳೂ ಒಂದೇ ಥರ ಕಂಡರೂ ಮೂರು ಕಡೆ ವ್ಯತ್ಯಾಸವಿದೆ, ಬೆಲೆಯ ಅಂತರವೂ ಅಲ್ಲೇ ಹುಟ್ಟುವುದು.

ಮೊದಲನೆಯದು ಮೆಂಬ್ರೇನ್ ಕೂರುವ ಜಾಗ. ಗಾಜಿನ ಬಿಲ್ಲೆ ಇದ್ದರೆ ದ್ರವ ಇಡೀ ಹಾಳೆಯಲ್ಲಿ ಸಮನಾಗಿ ಇಳಿಯುತ್ತದೆ, ದ್ರಾವಕಕ್ಕೆ ಲೋಹ ತಾಗುವುದಿಲ್ಲ. ಸ್ಟೀಲ್ ಜಾಲರಿ ಇದ್ದರೆ ತೊಳೆಯುವುದು ಸುಲಭ, ಕಟ್ಟಿಕೊಳ್ಳುವುದೂ ಇಲ್ಲ, ಆದರೆ ಕ್ಲೋರೈಡ್ ಇರುವ ಆಮ್ಲ ಅದನ್ನು ಕ್ರಮೇಣ ಕೆಡಿಸುತ್ತದೆ. ಎಚ್‌ಪಿಎಲ್‌ಸಿಗೆ ಗಾಜು, ಬ್ಯಾಕ್ಟೀರಿಯಾ ಪರೀಕ್ಷೆಗೆ ಸ್ಟೀಲ್. ಈ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ಎರಡನೆಯದು ಬೇಸ್ ಮತ್ತು ಫ್ಲಾಸ್ಕ್ ಸೇರುವ ಜಾಯಿಂಟ್. ಅಗ್ಗದ ಸೆಟ್ಟಿನಲ್ಲಿ ಸಿಲಿಕೋನ್ ಅಥವಾ ರಬ್ಬರ್ ಬಿರಡೆ ಇರುತ್ತದೆ. ಸವೆದರೆ ಬದಲಿಸುವುದು ಸುಲಭ. ದುಬಾರಿ ಸೆಟ್ಟಿನಲ್ಲಿ ಉಜ್ಜಿ ಹೊಂದಿಸಿದ ಗಾಜಿನ ಜಾಯಿಂಟ್ ಇರುತ್ತದೆ. ನೀರು, ಕಷಾಯ, ಬಫರ್ ಮಾತ್ರ ಸೋಸುವವರಿಗೆ ಬಿರಡೆ ಸಾಕು. ಅಸಿಟೋನೈಟ್ರೈಲ್, ಟಿಎಚ್‌ಎಫ್, ಕ್ಲೋರೋಫಾರ್ಮ್ ಮುಟ್ಟುವವರಿಗೆ ಗಾಜಿನ ಜಾಯಿಂಟೇ ಬೇಕು, ಏಕೆಂದರೆ ಆ ದ್ರಾವಕಗಳ ಆವಿ ರಬ್ಬರಿನಿಂದ ಏನಾದರೊಂದನ್ನು ಎಳೆದುಕೊಳ್ಳುತ್ತದೆ, ಕೊನೆಗೆ ಅದು ಕ್ರೊಮಾಟೋಗ್ರಾಮಿನಲ್ಲಿ ಗುರುತು ಸಿಗದ ಪೀಕ್ ಆಗಿ ನಿಲ್ಲುತ್ತದೆ. ಗಾಜಿನ ಜಾಯಿಂಟಿಗೆ ಗ್ರೀಸ್ ಹಚ್ಚಬೇಡಿ. ಹಚ್ಚಿದರೆ ಕಟ್ಟಿದ ದುಡ್ಡೆಲ್ಲ ವ್ಯರ್ಥ. ಸಿಕ್ಕಿಕೊಳ್ಳುವ ಭಯವಿದ್ದರೆ ಟೆಫ್ಲಾನಿನ ತೆಳು ಕವಚ ಸಿಗುತ್ತದೆ.

ಮೂರನೆಯದನ್ನು ಯಾರೂ ಕೇಳುವುದಿಲ್ಲ: ವ್ಯಾಕ್ಯೂಮ್ ನಳಿಕೆ ಎಲ್ಲಿದೆ? ಫ್ಲಾಸ್ಕಿನ ಪಕ್ಕದಲ್ಲಿದ್ದರೆ ಆ ನಳಿಕೆ ಮುರಿದ ದಿನ ಇಡೀ ಫ್ಲಾಸ್ಕ್ ಹೋಯಿತು. ಬೇಸಿನಲ್ಲೇ ಇದ್ದರೆ ಫ್ಲಾಸ್ಕ್ ಸರಳವಾಗಿರುತ್ತದೆ, ಎರಡು ಫ್ಲಾಸ್ಕ್ ಇಟ್ಟುಕೊಂಡು ಒಂದಾದ ಮೇಲೊಂದು ತುಂಬಬಹುದು. ಸೋಸಿದ ದ್ರವವನ್ನು ಮತ್ತೆ ಸುರಿಯದೆ ಅದೇ ಪಾತ್ರೆಯಲ್ಲಿ ಮುಚ್ಚಿಡಬಹುದು ಎನ್ನುವುದು ಶುದ್ಧತೆಯ ದೃಷ್ಟಿಯಿಂದ ದೊಡ್ಡ ಲಾಭ. ಬಾಟಲಿಗೇ ತಿರುಗಿಸಿ ಹಾಕುವ ಬೇಸ್ ಕೂಡ ಬರುತ್ತದೆ. ಆದರೆ ಲ್ಯಾಬಿನಲ್ಲಿರುವ ಮಾಮೂಲಿ ರೀಏಜೆಂಟ್ ಬಾಟಲಿಗಳನ್ನು ವ್ಯಾಕ್ಯೂಮಿಗೆಂದು ಮಾಡಿರುವುದಿಲ್ಲ. ತಯಾರಕರು ವ್ಯಾಕ್ಯೂಮ್ ತಡೆಯುತ್ತದೆಂದು ಬರೆದುಕೊಟ್ಟ ಬಾಟಲಿಗೆ ಮಾತ್ರ ಹಾಕಿ.

ಇನ್ನು ಹಾಳೆಯ ವಿಷಯ. ಸೆಟ್ ಒಮ್ಮೆ ಕೊಳ್ಳುತ್ತೀರಿ, ಮೆಂಬ್ರೇನ್ ಪ್ರತಿ ತಿಂಗಳೂ ಕೊಳ್ಳುತ್ತೀರಿ. ನೀರಿಗೂ ಬಹುತೇಕ ದ್ರಾವಕಗಳಿಗೂ ಒಂದೇ ಹಾಳೆ ಬೇಕೆಂದರೆ ನೈಲಾನ್, ಆದರೆ ಗಟ್ಟಿ ಆಮ್ಲ ಅದಕ್ಕಾಗದು, ಪ್ರೋಟೀನನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. ಪ್ರೋಟೀನ್ ಇರುವ ದ್ರಾವಣಕ್ಕೆ ಪಿಇಎಸ್ ಅಥವಾ ನೀರೊಪ್ಪುವ ಪಿವಿಡಿಎಫ್ ಎಂಬ ಪ್ಲಾಸ್ಟಿಕ್ ಹಾಳೆ ಒಳ್ಳೆಯದು. ಸೆಲ್ಯುಲೋಸ್ ನೈಟ್ರೇಟ್ ಸೇರಿದ ಹಾಳೆ ನೀರಿನ ಪರೀಕ್ಷೆಗೆ ಹೇಳಿಮಾಡಿಸಿದ್ದು, ಆದರೆ ಅಸಿಟೋನ್ ಬಿದ್ದರೆ ಕರಗಿಯೇ ಹೋಗುತ್ತದೆ. ಟೆಫ್ಲಾನ್ ಹಾಳೆಗೆ ಯಾವ ದ್ರಾವಕದ ಭಯವೂ ಇಲ್ಲ. ಆದರೆ ನೀರು ಅದರ ಮೇಲೆ ಮುತ್ತಿನಂತೆ ನಿಲ್ಲುತ್ತದೆ, ಕೆಳಗಿಳಿಯುವುದಿಲ್ಲ. ಮೊದಲು ಮೆಥನಾಲಿನಲ್ಲಿ ಒದ್ದೆ ಮಾಡಬೇಕು, ಇಲ್ಲವೇ ನೀರೊಪ್ಪುವಂತೆ ಸಂಸ್ಕರಿಸಿದ ಟೆಫ್ಲಾನನ್ನೇ ಕೇಳಿ ತರಬೇಕು. ಹೊಸಬರಿಗೆ ಹೇಳಲೇಬೇಕಾದ ಇನ್ನೊಂದು ವಿಷಯ: ಹಲವು ಡಬ್ಬಿಗಳಲ್ಲಿ ಎರಡು ಬಿಳಿ ಹಾಳೆಗಳ ನಡುವೆ ನೀಲಿ ಕಾಗದ ಇರುತ್ತದೆ. ಆ ನೀಲಿಯದು ಬರೀ ಹೊದಿಕೆ, ಫಿಲ್ಟರ್ ಬಿಳಿಯದು. ಚಪ್ಪಟೆ ತುದಿಯ ಚಿಮ್ಮಟದಲ್ಲೇ ಎತ್ತಿ, ಬೆರಳು ತಾಗಿಸಬೇಡಿ.

0.45 ಮೈಕ್ರಾನ್ ಸಾಮಾನ್ಯ ಎಚ್‌ಪಿಎಲ್‌ಸಿಗೆ ಸಾಕು. ಎರಡು ಮೈಕ್ರಾನಿಗೂ ಸಣ್ಣ ಕಣ ತುಂಬಿದ ಕಾಲಂ ಇರುವ ಯುಎಚ್‌ಪಿಎಲ್‌ಸಿಗೆ 0.2 ಬೇಕು. ಎಚ್‌ಪಿಎಲ್‌ಸಿ ದರ್ಜೆಯ ಅಸಿಟೋನೈಟ್ರೈಲ್, ಮೆಥನಾಲ್ ಬಾಟಲಿಗಳು ಕಾರ್ಖಾನೆಯಲ್ಲೇ ಸೋಸಿ ಬಂದಿರುತ್ತವೆ. ಅವನ್ನು ಮತ್ತೆ ನಮ್ಮ ಫನೆಲ್ಲಿಗೆ ಸುರಿದರೆ ಸ್ವಚ್ಛತೆ ಹೆಚ್ಚುವುದಿಲ್ಲ, ನಮ್ಮ ಗಾಜಿನ ಧೂಳು ಅದಕ್ಕೆ ಸೇರುತ್ತದೆ. ಉಪ್ಪು ಕರಗಿಸಿದ ಬಫರನ್ನು ಮಾತ್ರ ಸೋಸಿ, ಆಮೇಲೆ ದ್ರಾವಕ ಬೆರೆಸಿ. ಬೆರೆಸಿದ ಮೇಲೆ ಜೋರು ವ್ಯಾಕ್ಯೂಮಿನಲ್ಲಿ ಸೋಸಿದರೆ ಬೇಗ ಆವಿಯಾಗುವ ಭಾಗ ಪಂಪಿನ ದಾರಿ ಹಿಡಿಯುತ್ತದೆ, ಅನುಪಾತ ಬದಲಾಗುತ್ತದೆ, ಪೀಕ್ ಬರುವ ಸಮಯವೂ ಸರಿಯುತ್ತದೆ.

ಪಂಪ್, ಮತ್ತು ಬೆಂಗಳೂರಿನ ಎತ್ತರ

ಬಹಳ ಜನ ಗಾಜಿಗೆ ಉದಾರವಾಗಿ ಖರ್ಚು ಮಾಡಿ ಪಂಪಿಗೆ ಕೈ ಬಿಗಿ ಹಿಡಿಯುತ್ತಾರೆ. ನಾನು ಇದಕ್ಕೆ ತಿರುಗುಮುರುಗು ಹೇಳುತ್ತೇನೆ. ಗಾಜು ಸಾಧಾರಣದ್ದಾದರೂ ಕೆಲಸ ನಡೆಯುತ್ತದೆ. ಕೆಟ್ಟ ಪಂಪಿದ್ದರೆ ಯಾವ ಗಾಜೂ ಕೆಲಸಕ್ಕೆ ಬಾರದು.

ನಲ್ಲಿಗೆ ಸಿಕ್ಕಿಸುವ ನೀರಿನ ಆಸ್ಪಿರೇಟರ್ ಪ್ರತಿ ನಿಮಿಷಕ್ಕೂ ಲೀಟರ್‌ಗಟ್ಟಲೆ ನೀರನ್ನು ಮೋರಿಗೆ ಬಿಡುತ್ತದೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಹಾಕಿದ ಊರಿದು. ಟ್ಯಾಂಕರ್ ನೀರು ಕೊಂಡು ವ್ಯಾಕ್ಯೂಮ್ ಮಾಡುವುದು ನನಗಂತೂ ಒಪ್ಪಿತವಲ್ಲ. ಎ.ಸಿ. ಮೆಕ್ಯಾನಿಕ್‌ಗಳು ಬಳಸುವ ಎಣ್ಣೆಯ ರೋಟರಿ ಪಂಪ್ ಅಗ್ಗಕ್ಕೆ ಸಿಗುತ್ತದೆ, ಆಳವಾದ ವ್ಯಾಕ್ಯೂಮೂ ಕೊಡುತ್ತದೆ. ಆದರೆ ಸೋಸಲು ಅಷ್ಟು ಆಳ ಬೇಕಿಲ್ಲ, ದ್ರಾವಕದ ಆವಿ ಎಣ್ಣೆಯನ್ನು ಕೆಡಿಸುತ್ತದೆ, ಎಣ್ಣೆಯ ಮಂಜು ಕೊಠಡಿಯ ಗಾಳಿಗೆ ಸೇರುತ್ತದೆ. ಎಣ್ಣೆಯಿಲ್ಲದ ಡಯಾಫ್ರಾಮ್ ಪಂಪೇ ಸರಿಯಾದ ಆಯ್ಕೆ. ನೀರು ಮಾತ್ರವಾದರೆ ಮಾಮೂಲಿ ಡಯಾಫ್ರಾಮ್, ದ್ರಾವಕವಾದರೆ ಟೆಫ್ಲಾನ್ ಒಳಭಾಗದ್ದು. ಕೆರೆಯ ದಡದಲ್ಲೇ ಸೋಸುವವರಿಗೆ ಕೈಪಂಪ್ ಸಾಕಾಗುತ್ತದೆ.

ಪಂಪ್ ಬಂದ ಮೇಲೆ ಗೇಜ್ 760 (ಸಮುದ್ರಮಟ್ಟದ ಗಾಳಿಯ ಒತ್ತಡ, ಮಿ.ಮೀ. ಪಾದರಸದಲ್ಲಿ) ತೋರಿಸುತ್ತಿಲ್ಲ ಎಂದು ಅದನ್ನು ವಾಪಸ್ ಕಳಿಸುವವರಿದ್ದಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡವೇ ಸುಮಾರು 680ರಿಂದ 690 ಮಿ.ಮೀ. ಪಾದರಸ. ಪಂಪು ಪರಿಪೂರ್ಣವಾಗಿದ್ದರೂ ಗೇಜಿನ ಮುಳ್ಳು ಅದಕ್ಕಿಂತ ಮುಂದೆ ಹೋಗಲಾರದು. ಮಂಗಳೂರಿನಲ್ಲಿ ಅದೇ ಪಂಪು 70ರಷ್ಟು ಹೆಚ್ಚು ತೋರಿಸುತ್ತದೆ.

ಇದರಿಂದ ಇನ್ನೊಂದು ಪರಿಣಾಮವೂ ಇದೆ. 25 ಡಿಗ್ರಿಯಲ್ಲಿ ಅಸಿಟೋನಿನ ಆವಿಯ ಒತ್ತಡ ಸುಮಾರು 230 ಮಿ.ಮೀ. ಇಲ್ಲಿನ 680ರಲ್ಲಿ ಅದನ್ನು ಕಳೆದರೆ 450. ಹಾಗಾದರೆ ಬೆಂಗಳೂರಿನಲ್ಲಿ ಗೇಜ್ 450 ದಾಟಿತೆಂದರೆ ಫ್ಲಾಸ್ಕಿನೊಳಗೆ ಅಸಿಟೋನ್ ಕುದಿಯಲು ಶುರುವಾಗುತ್ತದೆ. ಮೆಥನಾಲಿಗೆ ಆ ಗಡಿ ಸುಮಾರು 550. ಆದ್ದರಿಂದ ಗೇಜ್ ಮತ್ತು ಗಾಳಿ ಒಳಬಿಡುವ ಸೂಜಿ ವಾಲ್ವ್ ಇಲ್ಲದ ಪಂಪನ್ನು ಕೊಳ್ಳಬೇಡಿ. ಹೆಚ್ಚು ವ್ಯಾಕ್ಯೂಮ್ ಕೊಟ್ಟರೆ ಬೇಗ ಸೋಸುತ್ತದೆ ಎನ್ನುವುದು ಗಟ್ಟಿ ಹರಳಿಗೆ ಮಾತ್ರ ನಿಜ. ಫೆರಿಕ್ ಹೈಡ್ರಾಕ್ಸೈಡಿನಂಥ ಲೋಳೆ ಗಸಿ ಬೇರೆ ರೀತಿ ವರ್ತಿಸುತ್ತದೆ. ರಾಗಿ ಹಾಲು ತೆಗೆಯುವಾಗ ಬಟ್ಟೆಯನ್ನು ಬಿಗಿಯಾಗಿ ಹಿಂಡಿದರೆ ಹಿಟ್ಟು ಎಳೆಗಳ ನಡುವೆ ತುಂಬಿಕೊಂಡು ಹಾಲು ಇಳಿಯುವುದೇ ನಿಲ್ಲುತ್ತದಲ್ಲ, ಇಲ್ಲೂ ಹಾಗೇ. ಕಡಿಮೆ ವ್ಯಾಕ್ಯೂಮಿನಲ್ಲಿ ಶುರುಮಾಡಿ, ತಾಳ್ಮೆಯಿಂದ ಏರಿಸಿ.

ಪಂಪು ಮತ್ತು ಫ್ಲಾಸ್ಕಿನ ನಡುವೆ ಒಂದು ಖಾಲಿ ಟ್ರ್ಯಾಪ್ (ಉಕ್ಕಿ ಬಂದ ದ್ರವವನ್ನು ಹಿಡಿಯುವ ಬಾಟಲಿ) ಇರಲೇಬೇಕು. ಅದೂ ವ್ಯಾಕ್ಯೂಮ್ ತಡೆಯುವ ದಪ್ಪ ಗಾಜಿನದ್ದೇ ಆಗಿರಲಿ. ಟ್ಯೂಬ್ ಕೂಡ ದಪ್ಪ ಗೋಡೆಯದ್ದು ಬೇಕು, ತೆಳು ಸಿಲಿಕೋನ್ ಟ್ಯೂಬ್ ವ್ಯಾಕ್ಯೂಮಿಗೆ ಚಪ್ಪಟೆಯಾಗಿಬಿಡುತ್ತದೆ. ನಿಲ್ಲಿಸುವಾಗ ಮೊದಲು ಗಾಳಿ ಬಿಡಿ, ಆಮೇಲೆ ಸ್ವಿಚ್ ಆರಿಸಿ.

ಗಾಜೇ ಏಕೆ?

ಪಾಲಿಸಲ್ಫೋನ್ ಪ್ಲಾಸ್ಟಿಕ್ ಸೆಟ್ ಒಡೆಯುವುದಿಲ್ಲ, ಹಬೆಯಲ್ಲಿ ಕ್ರಿಮಿಶುದ್ಧ ಮಾಡುವ 121 ಡಿಗ್ರಿ ಆಟೋಕ್ಲೇವನ್ನೂ ತಡೆಯುತ್ತದೆ, ವಿದ್ಯಾರ್ಥಿಗಳ ಕೈಗೆ ಕೊಡಲು ಧೈರ್ಯ ಬರುತ್ತದೆ. ಆದರೆ ಅಸಿಟೋನ್ ಅದನ್ನು ಹಾಳುಮಾಡುತ್ತದೆ. ದಿನವೂ ಹತ್ತಾರು ನೀರಿನ ಮಾದರಿ ನೋಡುವವರಿಗೆ ಮೂರು ಅಥವಾ ಆರು ಫನೆಲ್ ಕೂರುವ ಸ್ಟೀಲ್ ಮ್ಯಾನಿಫೋಲ್ಡ್ ಗಾಜಿಗಿಂತ ಮೇಲು. ಉಳಿದ ಎಲ್ಲ ಕಡೆ ಬೊರೊಸಿಲಿಕೇಟ್ 3.3 ಗಾಜನ್ನೇ ನಾನು ಆರಿಸುತ್ತೇನೆ. ಕೊಳೆ ಇದ್ದರೆ ಕಣ್ಣಿಗೆ ಕಾಣುತ್ತದೆ, ಬಹುತೇಕ ದ್ರಾವಕಗಳಿಗೆ ಬಗ್ಗುವುದಿಲ್ಲ, ವಾಸನೆ ಹಿಡಿಯುವುದಿಲ್ಲ.

ಗಾಜಿಗೆ ಎಚ್ಚರವೂ ಜೊತೆಗೇ ಬರಬೇಕು. ವ್ಯಾಕ್ಯೂಮಿನಲ್ಲಿ ಫ್ಲಾಸ್ಕ್ ಒಡೆದರೆ ಚೂರುಗಳು ಮೊದಲು ಒಳಗೆ ನುಗ್ಗಿ, ಮರುಕ್ಷಣ ಹೊರಗೆ ಚಿಮ್ಮುತ್ತವೆ. ಪ್ರತಿ ಸಲವೂ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನಕ್ಷತ್ರದ ಆಕಾರದ ಬಿರುಕು, ಆಳದ ಗೀರು ಇವೆಯೇ ನೋಡಿ, ಇದ್ದರೆ ಎಸೆಯಿರಿ. ತೆಳು ಗೋಡೆಯ ಮಾಮೂಲಿ ಕೋನಿಕಲ್ ಫ್ಲಾಸ್ಕಿಗೆ ವ್ಯಾಕ್ಯೂಮ್ ಕೊಡಬೇಡಿ. ದಪ್ಪ ಗೋಡೆಯ ಫಿಲ್ಟರ್ ಫ್ಲಾಸ್ಕನ್ನು ಉರಿಯ ಮೇಲೆ ಇಡಬೇಡಿ. ದಪ್ಪ ಇದ್ದಷ್ಟೂ ಅದು ಬಿಸಿಗೆ ಬೇಗ ಸೀಳುತ್ತದೆ. ಸ್ಟ್ಯಾಂಡಿಗೆ ಕ್ಲ್ಯಾಂಪ್ ಮಾಡಿ ನಿಲ್ಲಿಸಿ, ಕನ್ನಡಕ ಧರಿಸಿ. ಮೇಲೆ ಭಾರದ ಫನೆಲ್ ಇರುವುದರಿಂದ ಟ್ಯೂಬ್ ಒಮ್ಮೆ ಎಳೆದರೆ ಇಡೀ ಸೆಟ್ ನೆಲಕ್ಕೆ ಬೀಳುತ್ತದೆ.

ಕೆಲಸಕ್ಕೆ ತಕ್ಕಂತೆ

ಇಪ್ಪತ್ತು ಮಿ.ಲೀ.ಗೂ ಕಡಿಮೆ ದ್ರವ ಸೋಸುವವರು ಇವುಗಳಲ್ಲಿ ಯಾವುದನ್ನೂ ಕೊಳ್ಳಬೇಡಿ. ಸಿರಿಂಜ್ ಫಿಲ್ಟರ್ ಸಾಕು, ದೊಡ್ಡ ಸೆಟ್ಟಿನಲ್ಲಿ ಗಾಜಿಗೆ ಮೆತ್ತಿ ಹೋಗುವ ಭಾಗವೇ ಹೆಚ್ಚಾಗುತ್ತದೆ. ದಿನಕ್ಕೆ ಹಲವು ಲೀಟರ್ ಬಫರ್ ಸೋಸುವವರು 90 ಮಿ.ಮೀ. ಸೆಟ್ ನೋಡಿ, ಅದರ ಹಾಳೆಯ ವಿಸ್ತೀರ್ಣ 47ರದ್ದಕ್ಕಿಂತ ಮೂರೂವರೆ ಪಟ್ಟಿಗೂ ಹೆಚ್ಚು.

ಬೆಳ್ಳಂದೂರು, ವರ್ತೂರಿನಂಥ ಕೆರೆಗಳ ನೀರನ್ನು ನೇರವಾಗಿ 0.45 ಹಾಳೆಗೆ ಸುರಿದರೆ ಪಾಚಿ ಕಟ್ಟಿಕೊಂಡು ಸ್ವಲ್ಪದರಲ್ಲೇ ನಿಂತುಹೋಗುತ್ತದೆ. ತೇಲುವ ಕಣಗಳ ತೂಕಕ್ಕೆ ಗ್ಲಾಸ್ ಫೈಬರ್ ಹಾಳೆ ಬಳಸಿ 103ರಿಂದ 105 ಡಿಗ್ರಿಯಲ್ಲಿ ಒಣಗಿಸಿ. ಕ್ಲೋರೋಫಿಲ್ ಅಳೆಯುವವರು ವ್ಯಾಕ್ಯೂಮನ್ನು 150 ಮಿ.ಮೀ. ಪಾದರಸ ದಾಟಿಸಬೇಡಿ, ಜೀವಕೋಶ ಒಡೆದರೆ ಬಣ್ಣ ಸೋಸಿದ ನೀರಿನ ಜೊತೆ ಹೋಗಿಬಿಡುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನದಂಡವಾದ ಐಎಸ್ 10500 ಪ್ರಕಾರ 100 ಮಿ.ಲೀ.ಯಲ್ಲಿ ಇ. ಕೋಲಿ ಇರಲೇಬಾರದು. ಅದಕ್ಕೆ ಚೌಕಳಿ ಗೆರೆಯ 0.45 ಹಾಳೆ ಮತ್ತು ಪ್ರತಿ ಮಾದರಿಗೂ ಕ್ರಿಮಿಶುದ್ಧ ಫನೆಲ್ ಬೇಕು, ಅಂದರೆ ಒಂದು ಫನೆಲ್ ಸಾಲದು.

ಗಿಡಮೂಲಿಕೆಯ ಸಾರ ತೆಗೆಯುವವರ ಕಷ್ಟ ಅಂಟಿನದು. ಮೊದಲು ಬಟ್ಟೆ, ಆಮೇಲೆ ಬುಕ್ನರಿನಲ್ಲಿ ಸೆಲೈಟ್ ಹಾಸು, ಬೇಕಿದ್ದರೆ ಮಾತ್ರ ಕೊನೆಗೆ ಮೆಂಬ್ರೇನ್. ಈ ಕ್ರಮದಲ್ಲಿ ಹೋದರೆ ಹಾಳೆಯ ಖರ್ಚು ಬಹಳ ಇಳಿಯುತ್ತದೆ. ಮನುಷ್ಯರ ಹೊಟ್ಟೆಗೋ ಚರ್ಮಕ್ಕೋ ಹೋಗುವುದಾದರೆ ಗಾಜು ಹೊಸದೇ ಇರಲಿ. ರಾಸಾಯನಿಕ ಮುಟ್ಟಿದ ಹಳೆಯ ಸೆಟ್ಟನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ.

ಕೊಟೇಶನ್ ಕೇಳುವಾಗ ಸೆಟ್ಟಿನ ಬೆಲೆಯ ಜೊತೆಗೆ ಫನೆಲ್, ಬೇಸ್, ಫ್ಲಾಸ್ಕ್, ಕ್ಲ್ಯಾಂಪ್ ಇವುಗಳ ಬಿಡಿ ಬೆಲೆಯನ್ನೂ ಬರೆಸಿಕೊಳ್ಳಿ. ಬಿಡಿಯಾಗಿ ಬೇಸ್ ಕೊಡುವುದಿಲ್ಲ ಎನ್ನುವವರ ಸೆಟ್ ಕೊಳ್ಳಬೇಡಿ, ಏಕೆಂದರೆ ಮೊದಲು ಕೆಡುವುದು ಬಿಲ್ಲೆ ಇರುವ ಆ ಬೇಸೇ. ಸರಕು ಬಂದ ದಿನ ಫನೆಲ್ಲಿನ ತಳವನ್ನೂ ಬೇಸಿನ ಮುಖವನ್ನೂ ಹಾಳೆ ಇಲ್ಲದೆ ಒಂದರ ಮೇಲೊಂದು ಇಟ್ಟು, ಸಂದಿಯಲ್ಲಿ ಬೆಳಕು ನುಸುಳುತ್ತದೆಯೇ ನೋಡಿ. ಆಮೇಲೆ ಹಾಳೆ ಹಾಕಿ, ಕ್ಲ್ಯಾಂಪ್ ಬಿಗಿದು, ಡಿಸ್ಟಿಲ್ಡ್ ನೀರು ಸುರಿದು ಪಂಪ್ ಹಚ್ಚಿ. ಅಂಚಿನಿಂದ ಗುಳ್ಳೆ ಬರುತ್ತಿದ್ದರೆ ಅದೇ ದಿನ ಬದಲಿಸಲು ಹೇಳಿ.